ಮಿಲ್ಲಿನ ಶಿಫ್ಟು, ಡಿಗ್ರಿಯ ಕ್ರೆಡಿಟ್ಟು

ವೇದಸಂದೂರಿನ ಸ್ಪಿನ್ನಿಂಗ್ ಮಿಲ್ಲಿನಲ್ಲಿ ದಿನವೆಂದರೆ ಎಂಟೆಂಟು ಗಂಟೆಯ ಶಿಫ್ಟು. ವಿಶ್ವವಿದ್ಯಾಲಯ ಎಣಿಸುವುದೂ ಗಂಟೆಯನ್ನೇ, ಹೆಸರು ಮಾತ್ರ ಕ್ರೆಡಿಟ್. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡಿಕೊಂಡು ಪ್ಲಸ್ ಟು ಮುಗಿಸಿ ಕೆಲಸಕ್ಕೆ ಸೇರಿದವರು ತಮಿಳುನಾಡಿನ ದಿಂಡಿಗಲ್, ತೇಣಿ ಜಿಲ್ಲೆಗಳಲ್ಲಿ ಬೇಕಾದಷ್ಟಿದ್ದಾರೆ. ಮೂವತ್ತು ದಾಟಿದ ಮೇಲೆ ಡಿಗ್ರಿಯ ಆಸೆ ಮತ್ತೆ ಚಿಗುರುತ್ತದೆ. ಅಂಥವರು ಅರ್ಜಿ ತುಂಬುವ ಮೊದಲು ಒಂದು ಹಾಳೆ, ಒಂದು ಪೆನ್ನು ಹಿಡಿದು ಕೂರುವುದು ಒಳ್ಳೆಯದು.

ಮೊದಲು ಗೊಂದಲ ಬಿಡಿಸಿಕೊಳ್ಳಿ. ಕ್ರೆಡಿಟ್ ಅಂದರೆ ಅಂಕವಲ್ಲ, ಗ್ರೇಡ್ ಪಾಯಿಂಟೂ ಅಲ್ಲ. ಒಂದು ಪೇಪರಿಗೆ ಎಷ್ಟು ದುಡಿಮೆ ಬೇಕು ಎಂಬುದು ಕ್ರೆಡಿಟ್. ಆ ದುಡಿಮೆ ಎಷ್ಟು ಚೆನ್ನಾಗಿತ್ತು ಎಂಬುದು ಗ್ರೇಡ್ ಪಾಯಿಂಟ್. ಪಾಸಾದರೆ ಕ್ರೆಡಿಟ್ ಪೂರ್ತಿ ಸಿಗುತ್ತದೆ, ಫೇಲಾದರೆ ಸೊನ್ನೆ. ಅರ್ಧ ಕ್ರೆಡಿಟ್ ಕೊಟ್ಟು ಸಮಾಧಾನ ಮಾಡುವ ಪದ್ಧತಿ ಇಲ್ಲ. ಆದರೆ ಸರಾಸರಿ ಹಾಕುವಾಗ ಕ್ರೆಡಿಟ್ಟಿನ ತೂಕ ಬಂದೇ ಬರುತ್ತದೆ. 6 ಕ್ರೆಡಿಟ್ಟಿನ ಪೇಪರಿನಲ್ಲಿ 8 ಪಾಯಿಂಟ್, 2 ಕ್ರೆಡಿಟ್ಟಿನದರಲ್ಲಿ 5 ಪಾಯಿಂಟ್ ಬಂದಿದೆ ಅನ್ನಿ. 48ಕ್ಕೆ 10 ಕೂಡಿಸಿ 8ರಿಂದ ಭಾಗಿಸಿದರೆ 7.25. ಓದಲು ಸಮಯ ಕಡಿಮೆ ಇರುವವರು ಯಾವ ಪೇಪರಿಗೆ ಹೆಚ್ಚು ರಾತ್ರಿ ಕೊಡಬೇಕು ಎಂಬುದು ಇಲ್ಲೇ ತಿಳಿಯುತ್ತದೆ.

ಇನ್ನು ನಿಜವಾದ ಲೆಕ್ಕ. ಇಗ್ನೋದಂಥ ಮುಕ್ತ ವಿಶ್ವವಿದ್ಯಾಲಯದ ದೂರಶಿಕ್ಷಣದಲ್ಲಿ 1 ಕ್ರೆಡಿಟ್ ಎಂದರೆ 30 ಗಂಟೆಯ ಓದು. ಪುಸ್ತಕ, ತರಗತಿ, ಅಸೈನ್‌ಮೆಂಟ್ ಎಲ್ಲ ಸೇರಿ. ಮೂರು ವರ್ಷದ ಡಿಗ್ರಿಗೆ 120 ಕ್ರೆಡಿಟ್ ಎಂದು ಹಿಡಿದರೆ 3,600 ಗಂಟೆ. ಮೂರೇ ವರ್ಷದಲ್ಲಿ ಮುಗಿಸಲು ವಾರಕ್ಕೆ 23 ಗಂಟೆ ಬೇಕು. ಶಿಫ್ಟು ಮುಗಿಸಿ, ಅಡುಗೆ ಮಾಡಿ, ಮಗುವನ್ನು ಮಲಗಿಸಿದ ಮೇಲೆ ದಿನಾ ಮೂರೂಕಾಲು ಗಂಟೆ ಯಾರಿಗೆ ಉಳಿಯುತ್ತದೆ? ಅದಕ್ಕೇ ಗರಿಷ್ಠ ಅವಧಿಯನ್ನು ಆರು ವರ್ಷಕ್ಕೆ ಇಟ್ಟಿದ್ದಾರೆ. ಆರು ವರ್ಷಕ್ಕೆ ಹರಡಿದರೆ ವಾರಕ್ಕೆ ಹನ್ನೊಂದೂವರೆ ಗಂಟೆ ಸಾಕು. ಮೂರು ವರ್ಷದಲ್ಲಿ ಮುಗಿಯಲಿಲ್ಲವೆಂದು ಸೋತವರಂತೆ ಕೈಬಿಡುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ, ಏಕೆಂದರೆ ದುಡಿಯುವವರಿಗೆ ಆರು ವರ್ಷವೇ ಸರಿಯಾದ ಅಳತೆ. ವಾರಕ್ಕೆ ಅಷ್ಟು ಗಂಟೆಯೂ ಬಿಡುವಿಲ್ಲದವರು ಡಿಗ್ರಿಗೆ ಕೈಹಾಕುವ ಮೊದಲು ಚಿಕ್ಕ ಸರ್ಟಿಫಿಕೇಟ್ ಕೋರ್ಸ್ ಮಾಡಿ ನೋಡಲಿ.

ಎಲ್ಲಿ ಸೇರುವುದು ಎಂಬುದನ್ನು ಭಾಷೆ ತೀರ್ಮಾನಿಸುತ್ತದೆ. ತಮಿಳಿನಲ್ಲಿ ಓದಿದವರಿಗೆ 2002ರಲ್ಲಿ ಶುರುವಾದ ತಮಿಳುನಾಡು ಮುಕ್ತ ವಿಶ್ವವಿದ್ಯಾಲಯ ಹತ್ತಿರದ್ದು. ಇಂಗ್ಲಿಷ್ ಪರವಾಗಿಲ್ಲ ಎನ್ನುವವರಿಗೆ ಇಗ್ನೋ ಇದೆ, ಅದರ ಪ್ರಾದೇಶಿಕ ಕೇಂದ್ರ ಮದುರೈಯಲ್ಲಿ. ಕನ್ನಡದಲ್ಲೇ ಓದಬೇಕೆಂದರೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ನೆನಪಾಗುವುದು ಸಹಜ. ಆದರೆ ರಾಜ್ಯದ ಮುಕ್ತ ವಿಶ್ವವಿದ್ಯಾಲಯಗಳು ತಮ್ಮ ರಾಜ್ಯದ ಗಡಿಯೊಳಗೇ ಕೇಂದ್ರ ನಡೆಸಬೇಕು. ಹಾಗಾಗಿ ನಿಮ್ಮೂರಿನಲ್ಲೇ ಅದರ ಕೇಂದ್ರವಿದೆ ಎಂದು ಯಾರಾದರೂ ದುಡ್ಡು ಕೇಳಿದರೆ ಅನುಮಾನಿಸಿ. ಯುಜಿಸಿಯ ದೂರಶಿಕ್ಷಣ ವಿಭಾಗದ ವೆಬ್‌ಸೈಟಿನಲ್ಲಿ ಆ ವರ್ಷಕ್ಕೆ, ಆ ಕೋರ್ಸಿಗೇ ಮಾನ್ಯತೆ ಇದೆಯೇ ಎಂದು ಕಣ್ಣಾರೆ ನೋಡಿಕೊಳ್ಳಿ.

ನಂತರದ ಹೆಜ್ಜೆ ಗುರುತಿನ ಸಂಖ್ಯೆಗಳದ್ದು. ಡಿಜಿಲಾಕರ್ ಮೂಲಕ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನ 12 ಅಂಕಿಯ ಐಡಿ ಮಾಡಿಸಿಕೊಳ್ಳಬೇಕು; ಅಪಾರ್ ಎನ್ನುವುದೂ ಅದನ್ನೇ. ಅದರ ಆಧಾರದ ಮೇಲೆ ಯುಜಿಸಿ ದೂರಶಿಕ್ಷಣ ವಿಭಾಗದ ಡಿಇಬಿ ಐಡಿ. 2024ರಿಂದ ದೂರಶಿಕ್ಷಣಕ್ಕೆ ಸೇರುವವರಿಗೆ ಇದು ಕಡ್ಡಾಯ. ಎಲ್ಲರೂ ಎಡವುವುದು ಇನಿಷಿಯಲ್ಲಿನಲ್ಲಿ. ತಮಿಳುನಾಡಿನ ಮಾರ್ಕ್ಸ್ ಕಾರ್ಡಿನಲ್ಲಿ ಅಪ್ಪನ ಹೆಸರಿನ ಅಕ್ಷರ ಮುಂದೆ ಇರುತ್ತದೆ, ಆಧಾರಿನಲ್ಲಿ ಹಿಂದೆ ಹೋಗಿರುತ್ತದೆ, ಕೆಲವರದ್ದರಲ್ಲಿ ಅಪ್ಪನ ಪೂರ್ತಿ ಹೆಸರೇ ಬಂದು ಕೂತಿರುತ್ತದೆ. ಮದುವೆಯಾದ ಹೆಣ್ಣುಮಕ್ಕಳಿಗಂತೂ ಗಂಡನ ಹೆಸರಿನ ಅಕ್ಷರವೂ ಸೇರಿ ಮೂರು ಕಾಗದದಲ್ಲಿ ಮೂರು ಹೆಸರು. ಅರ್ಜಿ ಹಾಕುವ ಮೊದಲೇ ಆಧಾರನ್ನು ಹತ್ತನೇ ತರಗತಿಯ ಮಾರ್ಕ್ಸ್ ಕಾರ್ಡಿಗೆ ಹೊಂದಿಸಿಕೊಳ್ಳಿ.

ಸೇರಿದ ಮೇಲೆ ಅಸೈನ್‌ಮೆಂಟನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇಗ್ನೋದಲ್ಲಿ ಸಾಮಾನ್ಯವಾಗಿ ಅದಕ್ಕೆ ಶೇಕಡಾ 30, ಜೂನ್ ಅಥವಾ ಡಿಸೆಂಬರಿನ ಪರೀಕ್ಷೆಗೆ 70. ಎರಡರಲ್ಲೂ ಬೇರೆಬೇರೆಯಾಗಿ ಪಾಸಾಗಬೇಕು. ಪರೀಕ್ಷೆಯಲ್ಲಿ ಎಷ್ಟೇ ಚೆನ್ನಾಗಿ ಬರೆದರೂ ಅಸೈನ್‌ಮೆಂಟ್ ಕೊಡದಿದ್ದರೆ ಆ ಪೇಪರಿನ ಕ್ರೆಡಿಟ್ ಖಾತೆಗೆ ಬೀಳದು. ಪ್ರಶ್ನೆಗಳು ಬದಲಾಗುತ್ತಿರುತ್ತವೆ, ಗೆಳತಿ ಕೊಟ್ಟ ಹಳೆಯ ಪ್ರಶ್ನೆಗೆ ಉತ್ತರ ಬರೆದು ಕಳಿಸಿದರೆ ಕೈನೋವಷ್ಟೇ ಲಾಭ. ಒಪ್ಪಿಸುವ ಮುನ್ನ ಜೆರಾಕ್ಸ್ ತೆಗೆದಿಟ್ಟುಕೊಳ್ಳಿ, ರಸೀದಿಯನ್ನು ಫೋನಿನಲ್ಲಿ ಫೋಟೋ ಹಿಡಿಯಿರಿ.

ಹಿಂದೆಂದೋ ಕಾಲೇಜು ಬಿಟ್ಟವರು ಕೇಳುವುದುಂಟು, ಹಳೆಯದು ಲೆಕ್ಕಕ್ಕೆ ಬರುತ್ತದೆಯೇ ಅಂತ. ಕ್ರೆಡಿಟ್ ಬ್ಯಾಂಕಿನಲ್ಲಿ ಜಮೆಯಾಗುವುದು 2021-22ರಿಂದ ಈಚೆಗೆ ಗಳಿಸಿದವು ಮಾತ್ರ, ಅವೂ ಹೆಚ್ಚೆಂದರೆ ಏಳು ವರ್ಷ ಬಾಳುತ್ತವೆ. ಜಮೆ ಮಾಡುವುದು ಸಂಸ್ಥೆಯ ಕೆಲಸ, ನಿಮ್ಮದಲ್ಲ. ಫಲಿತಾಂಶ ಬಂದು ತಿಂಗಳುಗಳಾದರೂ ಡಿಜಿಲಾಕರಿನಲ್ಲಿ ಕಾಣದಿದ್ದರೆ ಎನ್‌ರೋಲ್‌ಮೆಂಟ್ ಸಂಖ್ಯೆ ಹಾಕಿ ಇಮೇಲ್ ಕಳಿಸಿ.

ಬಿಡುವಿನ ಹಂಗಾಮಿನಲ್ಲಿ ಸ್ವಯಂ ಎಂಬ ಪೋರ್ಟಲಿನ ಆನ್‌ಲೈನ್ ಕೋರ್ಸುಗಳನ್ನೂ ನೋಡಬಹುದು. ಅಲ್ಲಿನ ಎನ್‌ಪಿಟೆಲ್ ಕೋರ್ಸುಗಳಲ್ಲಿ 4 ವಾರಕ್ಕೆ 1 ಕ್ರೆಡಿಟ್, 8ಕ್ಕೆ 2, 12ಕ್ಕೆ 3. ಸ್ವಯಂನಿಂದ ಶೇಕಡಾ 40ರವರೆಗೆ ಕ್ರೆಡಿಟ್ ತರಲು ಯುಜಿಸಿ ಅವಕಾಶ ಕೊಟ್ಟಿದೆ. ಹಾಗೆಂದು ನಿಮ್ಮ ವಿಶ್ವವಿದ್ಯಾಲಯ ಆ ಕೋರ್ಸನ್ನು ಒಪ್ಪಿಯೇ ತೀರಬೇಕೆಂದಿಲ್ಲ. ಪರೀಕ್ಷಾ ಶುಲ್ಕ ಕಟ್ಟುವ ಮೊದಲು ಒಪ್ಪಿಗೆಯನ್ನು ಬರಹದಲ್ಲೇ ಕೇಳಿ ಪಡೆಯಿರಿ.