ಮೊದಲು ಕೆಲಸ ಏನು ಅಂತ ಕೇಳು

ಪ್ರೀತಿಯ ಮಗಳೇ,

ಎಂಬಿಬಿಎಸ್ ಮುಗೀತು, ಸೇನೆಯ ವೈದ್ಯ ದಳಕ್ಕೆ ಅರ್ಜಿ ಹಾಕಲೋ, ಬಂಗಾರಪೇಟೆಯಲ್ಲೇ ಕ್ಲಿನಿಕ್ ತೆರೆಯಲೋ ಎಂದು ಕೇಳಿದ್ದೆಯಲ್ಲ. 1971ರಲ್ಲಿ ಪೂರ್ವದ ಗಡಿಯಲ್ಲಿ ಸಮವಸ್ತ್ರ ತೊಟ್ಟು, ಉಳಿದ ಆಯುಷ್ಯವನ್ನೆಲ್ಲ ಬಂಗಾರಪೇಟೆ, ರಾಬರ್ಟ್‌ಸನ್‌ಪೇಟೆಗಳ ನಡುವೆ ಸವೆಸಿದವನನ್ನು ಕೇಳಿದರೆ ಎರಡೂ ಮಾಡು ಅಂತಲೇ ಹೇಳುತ್ತೇನೆ. ಮೊದಲು ಸೇನೆ, ಆಮೇಲೆ ಊರು. ನಿನ್ನ ಹಾಗೆಯೇ ತಲೆ ಕೆಡಿಸಿಕೊಂಡಿರುವ ಬೇರೆ ಮಕ್ಕಳೂ ಇದ್ದಾರು ಎಂದು ಕಾಗದವನ್ನು ಪತ್ರಿಕೆಗೇ ಕೊಟ್ಟೆ. ಬೇಜಾರು ಮಾಡ್ಕೋಬೇಡ.

ಸೇನೆಯ ಡಾಕ್ಟರ್ ಅಂದರೆ ಗುಂಡು ತೆಗೆಯುವವನು ಅಂತ ಜನ ತಿಳಿದಿದ್ದಾರೆ. ಪಲ್ಟನ್ನಿನ ಏಡ್ ಪೋಸ್ಟಿನಲ್ಲಿ ನಾವು ತೆಗೆಯುವುದು ಕಡಿಮೆ. ರಕ್ತ ನಿಲ್ಲಿಸು, ಡ್ರಿಪ್ ಹಾಕು, ಮುರಿದ ಕಾಲಿಗೆ ಪಟ್ಟಿ ಕಟ್ಟು, ಹಿಂದಕ್ಕೆ ಸಾಗಿಸು, ಅಷ್ಟೆ. ಅಲ್ಲಿ ಒಂದು ಪಾಠ ಬೇಗ ಬರುತ್ತದೆ: ಕೂಗಾಡುವವನಿಗೆ ಕೂಗುವಷ್ಟಾದರೂ ಉಸಿರಿದೆ, ಬೆವರಿ, ಬಿಳಿಚಿಕೊಂಡು, ಸುಮ್ಮನೆ ಮಲಗಿರುವವನ ಹತ್ತಿರ ಮೊದಲು ಓಡಬೇಕು. ಉಳಿದ ದಿನಗಳೆಲ್ಲ ಕಕ್ಕಸು ಗುಂಡಿ ಎಲ್ಲಿ ತೋಡಿದ್ದಾರೆ, ನೀರಿಗೆ ಕ್ಲೋರಿನ್ ಬಿದ್ದಿದೆಯೋ ಇಲ್ಲವೋ, ಜವಾನರ ಪಾದ ಹೇಗಿದೆ ಎಂದು ನೋಡುವುದರಲ್ಲೇ ಕಳೆಯುತ್ತವೆ. ಇದು ಡಾಕ್ಟರಿಕೆಯೇ ಅಲ್ಲ ಅಂತ ನಿನಗೆ ಅನ್ನಿಸಬಹುದು. ಇದೇ ಡಾಕ್ಟರಿಕೆ.

ಯಾಕೆ ಅಂತೀಯಾ? ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ, ಬರ್ಮಾ ರಂಗದಲ್ಲಿ ಗಾಯಗೊಂಡು ಹಿಂದಕ್ಕೆ ಬಂದ ಪ್ರತಿಯೊಬ್ಬನಿಗೆ, ಕಾಯಿಲೆ ಬಿದ್ದು ಬಂದವರು 120 ಮಂದಿ ಎಂದು ಅಲ್ಲಿ ಸೇನೆ ನಡೆಸಿದ ಜನರಲ್ ಸ್ಲಿಮ್ ಬರೆದಿದ್ದಾರೆ. ಹೆಚ್ಚಿನದು ಮಲೇರಿಯಾ. ಅದನ್ನು ತಡೆಯಲು ಮೆಪಾಕ್ರಿನ್ ಮಾತ್ರೆ ಇತ್ತು, ಸೈನಿಕರು ನುಂಗುತ್ತಿರಲಿಲ್ಲ. ಸ್ಲಿಮ್ ದಿಢೀರ್ ತಪಾಸಣೆ ನಡೆಸಿ, ಮಾತ್ರೆ ನುಂಗಿಸದ ಪಲ್ಟನ್ನಿನ ಕಮಾಂಡರುಗಳನ್ನೇ ಮನೆಗೆ ಕಳಿಸಿದರು. ಮೂವರನ್ನು ತೆಗೆಯುವಷ್ಟರಲ್ಲಿ ಉಳಿದವರಿಗೆ ಬುದ್ಧಿ ಬಂತು. ನಾನು ಇದನ್ನು ಓದಿಕೊಳ್ಳುವುದು ಹೀಗೆ: ಲೆಕ್ಕ ಇಟ್ಟವನು ಡಾಕ್ಟರು, ಆದರೆ ಕಾಯಿಲೆ ಇಳಿದದ್ದು ಲೆಕ್ಕ ಅಧಿಕಾರವುಳ್ಳವನ ಮೇಜಿಗೆ ಮುಟ್ಟಿದ ಮೇಲೆ.

ಈಗ ನಮ್ಮ ಊರಿನ ಕಡೆ ಬಾ. ಕೆಜಿಎಫ್ ಎಂಬ ನಮ್ಮ ಕೋಲಾರದ ಚಿನ್ನದ ಗಣಿ ಅಂದರೆ ಈಗಿನವರಿಗೆ ಸಿನಿಮಾದ ಯಶ್, ಸುತ್ತಿಗೆ, ಬೂದಿ ಬಣ್ಣದ ಧೂಳು. ಧೂಳು ಮಾತ್ರ ನಿಜ. ಪಾರ್ಕ್ ಅವರ ಪಿಎಸ್ಎಂ (ರೋಗತಡೆ ಮತ್ತು ಸಾಮಾಜಿಕ ವೈದ್ಯಶಾಸ್ತ್ರ) ಪುಸ್ತಕದಲ್ಲಿ ಸಿಲಿಕೋಸಿಸ್ ಪುಟ ನೋಡು. ಪರೀಕ್ಷೆಗೆಂದು ಅದನ್ನು ಉರು ಹೊಡೆದಿರುತ್ತೀಯ, ನಿನ್ನ ಮನೆಯಿಂದ ರೈಲಿನಲ್ಲಿ ಐದು ನಿಲ್ದಾಣದೊಳಗಿನ ಸಂಗತಿ ಅದು ಅಂತ ಗಮನಿಸಿರಲಾರೆ. 1940ರಿಂದ 46ರವರೆಗೆ ಇಲ್ಲಿನ ಗಣಿಗಳಲ್ಲಿ 7653 ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ 43.7 ಜನರಿಗೆ ಸಿಲಿಕೋಸಿಸ್ ಇತ್ತು. ಬೆಣಚುಕಲ್ಲಿನಲ್ಲಿ ಡ್ರಿಲ್ ಓಡಿದಾಗ ಏಳುವ, ಕಣ್ಣಿಗೆ ಕಾಣದಷ್ಟು ಸಣ್ಣ ಧೂಳು ಶ್ವಾಸಕೋಶದ ತಳಕ್ಕೆ ಹೋಗಿ ಗಂಟು ಕಟ್ಟುತ್ತದೆ. ಅದಕ್ಕೆ ಮದ್ದಿಲ್ಲ. ಡ್ರಿಲ್ಲಿಗೆ ನೀರು ಹಾಯಿಸುವುದು, ಗಾಳಿ ಆಡಿಸುವುದು, ಇವೇ ತಡೆ. ಇಲ್ಲೂ ನೋಡು, ತಡೆ ಇದ್ದದ್ದು ಮ್ಯಾನೇಜರನ ಕೈಯಲ್ಲಿ.

ಆ ಲೆಕ್ಕ ಹಾಕಿದವರಲ್ಲಿ ಒಬ್ಬರು ಡಾಕ್ಟರ್ ಆಂಥನಿ ಕ್ಯಾಪ್ಲನ್. ಚಾಂಪಿಯನ್ ರೀಫ್ಸ್ ಗಣಿ ಮೂರು ಕಿಲೋಮೀಟರಿಗೂ ಕೆಳಗೆ ಇಳಿದಿತ್ತು. ಆ ಆಳದಲ್ಲಿ ಬಂಡೆಯೇ 60 ಡಿಗ್ರಿ ದಾಟಿ ಕಾದಿರುತ್ತದೆ. ಕೆಳಗೆ ಕುಸಿದು ಬೀಳುತ್ತಿದ್ದ ಕಾರ್ಮಿಕರ ಬಗ್ಗೆ ಕ್ಯಾಪ್ಲನ್ 1944ರಲ್ಲಿ ಪ್ರಬಂಧ ಬರೆದರು. ಅದನ್ನು ಪ್ರಕಟಿಸಿದ್ದು ವೈದ್ಯರ ಪತ್ರಿಕೆಯಲ್ಲಲ್ಲ, ಲಂಡನ್ನಿನ ಗಣಿ ಎಂಜಿನಿಯರುಗಳ ಸಂಸ್ಥೆಯ ಸಂಪುಟದಲ್ಲಿ. ಓದಬೇಕಾದವರು ಯಾರು ಎಂಬುದು ಅವರಿಗೆ ಗೊತ್ತಿತ್ತು. ಆಮೇಲೆ ವೇಲ್ಸಿಗೆ ಹೋಗಿ, ಕಲ್ಲಿದ್ದಲು ಗಣಿಯವರ ಎಕ್ಸ್‌ರೇ ನೋಡುತ್ತ, ಕೀಲುವಾತ ಇದ್ದವರ ಶ್ವಾಸಕೋಶದ ಗಂಟುಗಳು ಬೇರೆ ತರಹ ಇವೆ ಎಂದು 1953ರಲ್ಲಿ ತೋರಿಸಿದರು. ನೀನು ಓದಿದ ಕ್ಯಾಪ್ಲನ್ ಸಿಂಡ್ರೋಮ್ ಅದೇ. ಎಕ್ಸ್‌ರೇ ಎದುರು ಹಿಡಿದಾಗ ಜೊತೆಗೆ ಕೈಬೆರಳುಗಳನ್ನೂ ನೋಡುವ ಡಾಕ್ಟರು ನನಗೆ ಇಷ್ಟ.

ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ರಂದು. ಧೂಳು ಒಳಗೆ ಕೂತ ಮೇಲೆ ಗಣಿ ಬಿಟ್ಟರೂ ಕಾಯಿಲೆ ಬಿಡುವುದಿಲ್ಲ, ಬೆಳೆಯುತ್ತಲೇ ಇರುತ್ತದೆ. ಟಿಬಿಯೂ ಸುಲಭವಾಗಿ ಹತ್ತುತ್ತದೆ. ಮಾರಿಕುಪ್ಪಂನಿಂದ ಕೆಮ್ಮುತ್ತ ಬರುವ ಮುದುಕ ತನ್ನ ಕಾಯಿಲೆಯನ್ನು ಟಿಬಿ ಅಂತಲೇ ಹೇಳುತ್ತಾನೆ, ಹಿಂದೊಮ್ಮೆ ಮಾತ್ರೆಯ ಕೋರ್ಸು ಮುಗಿಸಿಯೂ ಇರುತ್ತಾನೆ. ಕಫ ಪರೀಕ್ಷೆ ಮಾಡಿಸು. ಟಿಬಿ ಇದ್ದರೆ ಚಿಕಿತ್ಸೆ ಕೊಡು. ಇಲ್ಲದಿದ್ದರೂ ಕೆಲಸ ಏನು ಮಾಡ್ತಿದ್ರಿ, ಯಾವ ಶಾಫ್ಟು, ಎಷ್ಟು ವರ್ಷ, ಕೈಯಲ್ಲಿ ಡ್ರಿಲ್ ಇತ್ತಾ ಅಂತ ಕೇಳು. 1700ರಲ್ಲಿ ಇಟಲಿಯ ರಾಮಾಜ್ಜಿನಿ ವೈದ್ಯರಿಗೆ ಹೇಳಿದ್ದೂ ಇದನ್ನೇ: ರೋಗಿಯ ಕಸುಬು ಕೇಳಿ. ಸೇನೆಯಲ್ಲಿ ಯೂನಿಟ್ಟು, ಪೋಸ್ಟಿಂಗು ಎಲ್ಲ ಕಾಗದದಲ್ಲೇ ಬರುತ್ತವೆ. ಊರಲ್ಲಿ ಕೇಳದೆ ಯಾವನೂ ಹೇಳುವುದಿಲ್ಲ. ಕೇಳುವುದಕ್ಕೆ ತಮಿಳೂ ತೆಲುಗೂ ಬೇಕು. ನಿನ್ನ ತೆಲುಗು ಪರವಾಗಿಲ್ಲ, ತಮಿಳು ತಿದ್ದಿಕೋ.

ಗಣಿಯವರಿಗೆ ಮಾತ್ರ ಈ ಪ್ರಶ್ನೆ ಎಂದುಕೊಳ್ಳಬೇಡ. ಅವರ ಮಕ್ಕಳು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತಾರೆ, ಕೆಲವರು ಗ್ರಾನೈಟ್ ಕತ್ತರಿಸಲು, ಟೈಲ್ಸ್ ಕೊಯ್ಯಲು. ಅದೇ ಸಿಲಿಕಾ, ಮೂಗಿಗೊಂದು ಕರ್ಚೀಫು. ಮೊಣಕಾಲು, ಬೆನ್ನು ಹಿಡಿದಿದೆ ಎನ್ನುವವರು ಹಳ್ಳಿಯಿಂದ ಬಂದರೆ ಯಾವ ಬೋರ್‌ವೆಲ್ ನೀರು ಅಂತ ಕೇಳು, ಮಕ್ಕಳ ಹಲ್ಲು ನೋಡು. ನಮ್ಮ ಜಿಲ್ಲೆಯ ಆಳದ ನೀರಿನಲ್ಲಿ ಫ್ಲೋರೈಡ್ ಇದೆ. ಒಂದು ನೋಟ್‌ಬುಕ್ ಇಡು: ಹೆಸರು, ಊರು, ಕಸುಬು, ವರ್ಷ. ಒಂದೇ ಹಳ್ಳಿಯ ಹತ್ತು ಹೆಸರು ಕೂಡಿದಾಗ ತಾಲ್ಲೂಕು ಆರೋಗ್ಯಾಧಿಕಾರಿಗೆ ಬರವಣಿಗೆಯಲ್ಲಿ ಕೊಟ್ಟು, ಸ್ವೀಕೃತಿ ಪಡೆದುಕೋ. ಬಾಯಲ್ಲಿ ಹೇಳಿದ್ದನ್ನು ಯಾರೂ ನೆನಪಿಡುವುದಿಲ್ಲ. ಕ್ಲಿನಿಕ್ಕಿನಲ್ಲಿ ಹಣ ಕಡಿಮೆ ಬರುತ್ತದೆ. ಬಂಗಾರಪೇಟೆಯ ಪಾನಿಪುರಿ ಗಾಡಿಯವನು ನಿನಗಿಂತ ಹೆಚ್ಚು ದುಡಿದರೂ ಹೊಟ್ಟೆ ಉರಿಸಿಕೊಳ್ಳಬೇಡ.

ನಮ್ಮ ಚಾಂಪಿಯನ್ ರೀಫ್ಸಿನ ಗಣಿ ಆಸ್ಪತ್ರೆ ಗಣಿಯ ಜೊತೆಗೇ ಬಾಗಿಲು ಹಾಕಿತ್ತು. 2021ರಲ್ಲಿ ಕೋವಿಡ್‌ನ ಎರಡನೇ ಅಲೆ ಬಂದಾಗ ಊರಿನವರೇ ಪೊರಕೆ ಹಿಡಿದು, ಇಪ್ಪತ್ತು ವರ್ಷದ ಧೂಳು ಗುಡಿಸಿ ಹಾಸಿಗೆ ಹಾಕುವ ಹಾಗೆ ಮಾಡಿದರು. ಡಾಕ್ಟರು ಬೇಕು ಅನ್ನುವ ಜನ ಇಲ್ಲಿ ಇದ್ದಾರೆ, ನೀನು ವಾಪಸು ಬರುವ ಹೊತ್ತಿಗೂ ಇರುತ್ತಾರೆ.

ಹುಡುಗಿಗೆ ಸೇನೆ ಯಾಕೆ ಅಂತ ನಿಮ್ಮಪ್ಪ ಗೊಣಗುತ್ತಿದ್ದಾರಂತೆ. ಭಾನುವಾರ ಅವರಿಗೆ ರೈಲಿಗೆ ಓಡುವ ಅವಸರ ಇರುವುದಿಲ್ಲವಲ್ಲ, ನಾನೇ ಬಂದು ಮಾತಾಡುತ್ತೇನೆ. ನೀನು ಅಷ್ಟರೊಳಗೆ ಅರ್ಜಿ ತುಂಬಿಡು.

ಆಶೀರ್ವಾದಗಳೊಂದಿಗೆ,
ಡಾಕ್ಟರ್ ತಾತ