ಪಕ್ಕದ ಜಾಗ ಬದಲಾಗುವಾಗ ನಮ್ಮ ಮಾತು ಎಲ್ಲಿ ಹೇಳಬೇಕು?



ವಿಜಯನಗರ ಕಡೆಯ ಆರ್‌ಪಿಸಿ ಲೇಔಟ್‌ನಂಥ ಬಡಾವಣೆಗಳಲ್ಲಿ ನಾವು ಮನೆ ಭೇಟಿಗೆ ಹೋದಾಗ ಕೇಳುವ ಮಾತು ಇದು: "ಸಿಸ್ಟರ್, ಪಕ್ಕದ ಜಾಗದಲ್ಲಿ ಕಾಂಪ್ಲೆಕ್ಸ್ ಬರುತ್ತಂತೆ. ನೀರು ಸಾಕಾಗುತ್ತಾ? ಮಕ್ಕಳು ಎಲ್ಲಿ ಆಡಬೇಕು? ಬಾಡಿಗೆ ಏರಿದ್ರೆ ನಾವೆಲ್ಲಿಗೆ ಹೋಗೋದು?" ಈ ಆತಂಕ ನ್ಯಾಯವಾದದ್ದೇ. ಆದರೆ ನಲ್ಲಿ ಹತ್ತಿರ ಆಡಿದ ಮಾತು ಕಚೇರಿಯ ಕಡತಕ್ಕೆ ಸೇರುವುದಿಲ್ಲ.

ವಲಯ ಎಂದರೇನು?

ಯಾವ ಜಾಗ ವಸತಿಗೆ, ಯಾವುದು ವ್ಯಾಪಾರಕ್ಕೆ, ಯಾವುದು ಪಾರ್ಕಿಗೆ ಎಂದು ಮಾಸ್ಟರ್ ಪ್ಲಾನ್ ಗುರುತಿಸುತ್ತದೆ. ಬೆಂಗಳೂರಿನ 'ಪರಿಷ್ಕೃತ ಮಾಸ್ಟರ್ ಪ್ಲಾನ್ 2015' ಮಂಜೂರಾದದ್ದು 2007ರಲ್ಲಿ. 2031ರ ಕರಡು 2017ರಲ್ಲಿ ಪ್ರಕಟವಾದರೂ ಜಾರಿಗೆ ಬರಲಿಲ್ಲ. ವಸತಿ ವಲಯದಲ್ಲೂ ರಸ್ತೆಯ ಅಗಲ ನೋಡಿ ಕೆಲವು ಅಂಗಡಿ, ಕಚೇರಿಗಳಿಗೆ ಅವಕಾಶ ಉಂಟು. ಅದಕ್ಕೂ ಮೀರಿದ ಬಳಕೆ ಬೇಕಾದರೆ 'ಭೂ ಉಪಯೋಗ ಬದಲಾವಣೆ' ಆಗಬೇಕು.

ಕಾನೂನು ಏನು ಹೇಳುತ್ತದೆ?

ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ 14-ಎ ಕಲಮಿನ ಪ್ರಕಾರ ಇಂಥ ಬದಲಾವಣೆ ಸಾರ್ವಜನಿಕ ಹಿತಕ್ಕಾಗಿ ಇರಬೇಕು, ಸರ್ಕಾರದ ಒಪ್ಪಿಗೆ ಬೇಕು. ದಿನಪತ್ರಿಕೆಯಲ್ಲಿ ಪ್ರಕಟಿಸಿ, ಆಕ್ಷೇಪಣೆಗೆ ಕನಿಷ್ಠ 15 ದಿನ ಕೊಡಬೇಕು. ಕಾನೂನು ಕೇಳುವುದು ಸಾರ್ವಜನಿಕರನ್ನು, ಬರೀ ಮನೆ ಮಾಲೀಕರನ್ನಲ್ಲ. ಬಾಡಿಗೆದಾರರೂ ಗಾಡಿ ವ್ಯಾಪಾರದ ಅಕ್ಕಂದಿರೂ ಬರೆಯಬಹುದು.

ಒಂದು ನಿಜ ಪ್ರಕರಣ

ಸದಾಶಿವನಗರದ ನಕ್ಷೆಯಲ್ಲಿ ಪಾರ್ಕಿಗೆಂದು ಬಿಟ್ಟಿದ್ದ ಜಾಗವನ್ನು 1976ರಲ್ಲಿ ಖಾಸಗಿ ನರ್ಸಿಂಗ್ ಹೋಂ ಕಟ್ಟಲು ಒಂದು ಟ್ರಸ್ಟಿಗೆ ಕೊಡಲಾಯಿತು. ಅಲ್ಲಿಯ ನಿವಾಸಿಗಳು ಕೋರ್ಟಿಗೆ ಹೋದರು. ಹೈಕೋರ್ಟಿನ ಮೊದಲ ಹಂತದಲ್ಲಿ ಸೋತರು, ಮೇಲ್ಮನವಿಯಲ್ಲಿ ಗೆದ್ದರು. 1991ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಆಸ್ಪತ್ರೆ ಒಳ್ಳೆಯದೇ, ಆದರೆ ಪಾರ್ಕಿನ ಬದಲಿಗೆ ಅದು ಆಗದು. ಪ್ರಶ್ನಿಸುವ ಹಕ್ಕು ಅಲ್ಲಿ ವಾಸಿಸುವವರಿಗೆ ಇದೆ ಎಂಬುದು ಆ ತೀರ್ಪಿನ ಸಾರ. ಗೆದ್ದರೂ ಹದಿನೈದು ವರ್ಷ ಹಿಡಿಯಿತು. ಆದ್ದರಿಂದ ಮೊದಲ 15 ದಿನವೇ ಮುಖ್ಯ.

ನಾವು ಮಾಡಬೇಕಾದದ್ದು

1. ಪತ್ರಿಕೆಯ ಪ್ರಕಟಣೆ ಕತ್ತರಿಸಿಡಿ. ಸರ್ವೆ ನಂಬರ್, ವಿಸ್ತೀರ್ಣ, ಕೊನೆಯ ದಿನಾಂಕ ಗುರುತು ಮಾಡಿ.
2. ಆ ಜಾಗದ ವಲಯ ಯಾವುದೆಂದು ನಕ್ಷೆಯಲ್ಲಿ ನೋಡಿ. ಕಾಗದ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿ. ಆದರೆ ಉತ್ತರಕ್ಕೆ 30 ದಿನದವರೆಗೆ ಅವಕಾಶವಿದೆ. ಅದಕ್ಕೆ ಕಾಯದೆ ಆಕ್ಷೇಪಣೆ ಸಲ್ಲಿಸಿ.
3. "ಬೇಡ" ಅಂತ ಬರೆದರೆ ಸಾಲದು, ಕಾರಣ ಬೇಕು: ರಸ್ತೆ ಎಷ್ಟು ಅಡಿ, ನೀರು ವಾರಕ್ಕೆ ಎಷ್ಟು ಸಲ, ಮಳೆ ನೀರು ಎಲ್ಲಿ ನಿಲ್ಲುತ್ತದೆ, ಶಾಲೆ ಎಷ್ಟು ದೂರ.
4. ಯೋಜನಾ ಪ್ರಾಧಿಕಾರಕ್ಕೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಒಂದು ಎಚ್ಚರಿಕೆ: ಎಲ್ಲ ಬದಲಾವಣೆಯೂ ಕೆಟ್ಟದ್ದಲ್ಲ. ಮನೆಯ ಮುಂದಿನ ಟೈಲರಿಂಗ್ ಅಂಗಡಿ, ಚಿಕ್ಕ ಮೆಸ್ ನಮ್ಮ ಸಂಘದ ಎಷ್ಟೋ ಮನೆಗಳ ಒಲೆ ಉರಿಸುತ್ತಿವೆ. ದೊಡ್ಡ ಕಟ್ಟಡವನ್ನು ವಿರೋಧಿಸುವ ಭರದಲ್ಲಿ ಅವರ ಹೊಟ್ಟೆಯ ಮೇಲೆ ಹೊಡೆಯಬಾರದು.

ಸಂಘದಲ್ಲಿ ಚರ್ಚಿಸೋಣ

ಅ) ನಮ್ಮ ಬೀದಿಯ ವಲಯ ಯಾವುದು? ಯಾರು ನೋಡಿಕೊಂಡು ಬರುತ್ತಾರೆ?
ಆ) ಪತ್ರಿಕೆಯ ಪ್ರಕಟಣೆಗಳನ್ನು ದಿನಾ ಓದುವ ಜವಾಬ್ದಾರಿ ಯಾರದು?
ಇ) ಬದಲಾವಣೆಯಿಂದ ಮೊದಲು ಮನೆ ಬಿಡಬೇಕಾದವರು ಯಾರು? ಅವರು ಇಂದಿನ ಸಭೆಗೆ ಬಂದಿದ್ದಾರೆಯೇ?