ಯುದ್ಧಭೂಮಿಯಲ್ಲಿ ಪ್ರಾಣಿಗಳು: ಕಲ್ಯಾಣದಿಂದ ಹೈಫಾವರೆಗೆ

ಹಿನ್ನೆಲೆ: ಬೀದರ್ ಜಿಲ್ಲೆಯ ಇಂದಿನ ಬಸವಕಲ್ಯಾಣವೇ ಕಲ್ಯಾಣ ಚಾಲುಕ್ಯರ ರಾಜಧಾನಿ. ಮಾನ್ಯಖೇಟದಿಂದ ರಾಜಧಾನಿಯನ್ನು ಇಲ್ಲಿಗೆ ತಂದವನು ಒಂದನೇ ಸೋಮೇಶ್ವರ (ಆಹವಮಲ್ಲ). ಹುಮನಾಬಾದ್ ತಾಲ್ಲೂಕಿನ ಜಲಸಂಗಿ ದೇವಾಲಯದಲ್ಲಿ ಅದೇ ವಂಶದ ಆರನೇ ವಿಕ್ರಮಾದಿತ್ಯನ ಕೀರ್ತಿಯನ್ನು ಬರೆಯುತ್ತಿರುವ ಶಿಲಾಬಾಲಿಕೆ ಇದೆ.

ಆನೆ
- ಕೊಪ್ಪಂ ಕದನ (1054): ಒಂದನೇ ಸೋಮೇಶ್ವರನ ಸೇನೆಯ ವಿರುದ್ಧ ಹೋರಾಡುತ್ತ ಚೋಳ ರಾಜಾಧಿರಾಜ ಆನೆಯ ಮೇಲೆಯೇ ಮಡಿದ.
- ಅವನ ತಮ್ಮ ಎರಡನೇ ರಾಜೇಂದ್ರ ರಣರಂಗದಲ್ಲೇ ಪಟ್ಟಕ್ಕೇರಿದ. ಅವನ ಆನೆಯ ಹಣೆಗೂ ಬಾಣಗಳು ನಾಟಿದವೆಂದು ಚೋಳ ಶಾಸನ ಹೇಳುತ್ತದೆ.
- ಅನುಕೂಲ: ಎತ್ತರದಿಂದ ಕದನದ ವೀಕ್ಷಣೆ, ಶತ್ರುವ್ಯೂಹ ಭೇದನ. ಅಪಾಯ: ಮೇಲೆ ಕುಳಿತ ಅರಸ ಎಲ್ಲರ ಕಣ್ಣಿಗೂ ಬೀಳುತ್ತಾನೆ, ಗಾಯಗೊಂಡ ಆನೆ ಸ್ವಂತ ಪಡೆಯನ್ನೇ ತುಳಿಯಬಹುದು.

ಮಾನಸೋಲ್ಲಾಸ (ಸು. 1129)
- ಕರ್ತೃ: ಕಲ್ಯಾಣ ಚಾಲುಕ್ಯ ಅರಸ ಮೂರನೇ ಸೋಮೇಶ್ವರ, ಬಿರುದು: ಸರ್ವಜ್ಞ ಚಕ್ರವರ್ತಿ.
- ಸಂಸ್ಕೃತ ವಿಶ್ವಕೋಶ; 5 ವಿಂಶತಿ, 100 ಅಧ್ಯಾಯ. ಇನ್ನೊಂದು ಹೆಸರು: ಅಭಿಲಷಿತಾರ್ಥ ಚಿಂತಾಮಣಿ.
- ಆನೆ ಹಿಡಿಯುವ ವಿಧಾನ, ಆನೆ-ಕುದುರೆಗಳ ಪಾಲನೆ ಹಾಗೂ ಚಿಕಿತ್ಸೆಯ ವಿವರಗಳಿವೆ.

ಕುದುರೆ
- ಹೈಫಾ (ಇಂದಿನ ಇಸ್ರೇಲ್) ಕದನ, ಮೊದಲ ಮಹಾಯುದ್ಧ: 23 ಸೆಪ್ಟೆಂಬರ್ 1918. ಮೈಸೂರು ಮತ್ತು ಜೋಧಪುರ ಲ್ಯಾನ್ಸರ್‌ಗಳು ಕುದುರೆಯೇರಿ, ಈಟಿ ಹಿಡಿದು, ಮೆಷಿನ್‌ಗನ್‌ಗಳ ಎದುರು ನುಗ್ಗಿ ಪಟ್ಟಣ ಗೆದ್ದರು.
- ಇವರಿದ್ದ ಬ್ರಿಗೇಡ್‌ನಲ್ಲಿ ಹೈದರಾಬಾದ್ ಲ್ಯಾನ್ಸರ್‌ಗಳೂ ಇದ್ದರು. ಬಸವಕಲ್ಯಾಣ, ಹುಮನಾಬಾದ್ ಆಗ ಹೈದರಾಬಾದ್ ಸಂಸ್ಥಾನದಲ್ಲಿದ್ದವು.
- ಸ್ಮಾರಕ: ದೆಹಲಿಯ ತೀನ್ ಮೂರ್ತಿ (1922). ಮೂರು ಪ್ರತಿಮೆಗಳು ಹೈದರಾಬಾದ್, ಜೋಧಪುರ, ಮೈಸೂರು ಸಂಸ್ಥಾನಗಳ ಸಂಕೇತ.

ಗಮನಿಸಿ: ಆರನೇ ವಿಕ್ರಮಾದಿತ್ಯ ತಂದೆ, ಮೂರನೇ ಸೋಮೇಶ್ವರ ಮಗ; ಒಂದನೇ ಮತ್ತು ಮೂರನೇ ಸೋಮೇಶ್ವರರನ್ನು ಅದಲುಬದಲು ಮಾಡಬೇಡಿ. ಗೆಲುವಿನ ಇಸವಿ ಓದುವಾಗ, ತಾವು ಆರಿಸದ ಯುದ್ಧದಲ್ಲಿ ಪ್ರಾಣ ತೆತ್ತ ಈ ಜೀವಿಗಳನ್ನೂ ನೆನೆಯಿರಿ.